ಸತ್ಯಪ್ಪ ಮಾಮಾ ನೋಡಿದ ಸಿನಿಮಾ

ಕಳೆದ ತಿಂಗಳು ಮೊಬೈಲಿಗೆ ಹೊಸ ಗಾಜು ಹಾಕಿಸಲು ಗೋಕಾಕದ ಒಂದು ಅಂಗಡಿಗೆ ಹೋಗಿದ್ದೆ. ಸ್ವಲ್ಪ ಹೊತ್ತಾಗುತ್ತದೆ, ಕುಳಿತುಕೊಳ್ಳಿ ಎಂದರು. ಗೋಡೆಯ ಟಿವಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಸಿನಿಮಾ ಕನ್ನಡದಲ್ಲಿ ಮಾತಾಡುತ್ತಿತ್ತು. ಟೋಪಿ ಹಾಕಿಕೊಂಡ ಪ್ರಾಧ್ಯಾಪಕನೊಬ್ಬ ಯಾವುದೋ ದೇಶದ ಪಾಳುಗುಡಿಯೊಳಗೆ ಇಳಿಯುತ್ತಾನೆ. ಅಲ್ಲಿ ಬಂಗಾರ, ಹಾವು, ಬೆನ್ನಟ್ಟುವ ಜನ. ಎಲ್ಲವನ್ನೂ ದಾಟಿ ಅವನು ಮೈಯೆಲ್ಲ ಧೂಳಾಗಿ ಹೊರಗೆ ಬರುತ್ತಾನೆ. ನಾನು ಈ ಸಿನಿಮಾವನ್ನು ಪೂರ್ತಿ ನೋಡಿದ್ದು ಒಂದೇ ಸಲ, ಹಿಡಕಲ್ ಜಲಾಶಯದ ದಂಡೆಯ ಒಂದು ಕಾಲನಿಯಲ್ಲಿ, ಸಾಲೆಯ ಗೋಡೆಗೆ ಕಟ್ಟಿದ ಬಿಳಿ ಧೋತರದ ಮೇಲೆ. ಆ ಬೇಸಿಗೆ ಮುಗಿಯುವುದರೊಳಗೆ ಒಬ್ಬರ ಕಾಲು ಮುರಿದಿತ್ತು, ಗೊತ್ತಾಗಿದ್ದ ಒಂದು ಮದುವೆ ನಿಂತಿತ್ತು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಹಿಂದಿನ ವರ್ಷ ಘಟ್ಟದ ಮೇಲೆ ಮಳೆ ಕಡಿಮೆಯಾಗಿತ್ತು. ಮಾರ್ಚಿನ ಹೊತ್ತಿಗೇ ಜಲಾಶಯದ ನೀರು ಹಿಂದಕ್ಕೆ ಸರಿದು, ಮುಳುಗಿದ್ದ ಹಳೇ ಊರು ಮೇಲೆ ಬಂದಿತ್ತು. ಮನೆಗಳ ತಳಪಾಯ, ಒಂದು ಬಾವಿ, ಮತ್ತು ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಕಲ್ಲಿನ ಗುಡಿ. ನೀರು ಮತ್ತೆ ಏರುವುದರೊಳಗೆ ಆ ಗುಡಿಯ ಅಳತೆ ತೆಗೆದು, ನಕ್ಷೆ ಮಾಡಿ, ಶಾಸನಗಳ ಪಡಿಯಚ್ಚು ತೆಗೆಯಬೇಕೆಂದು ಪುರಾತತ್ವ ಇಲಾಖೆಯವರು ಇಬ್ಬರನ್ನು ಕಳಿಸಿದರು. ನಕ್ಷೆ ತೆಗೆಯಲು ನಾನು. ಉಳಿದದ್ದಕ್ಕೆಲ್ಲ ಬಸವಂತ.

ನಾನು ಹುಕ್ಕೇರಿಯಲ್ಲಿ ಪದ್ಮಾ ಕಾಕು ಎಂಬ ಜೈನರ ಮನೆಯ ಮಾಳಿಗೆಯ ಮೇಲಿನ ಖೋಲಿ ಬಾಡಿಗೆಗೆ ಹಿಡಿದಿದ್ದೆ. ಕಾಕು ತಮ್ಮ ಅಕ್ಕನ ಜೊತೆ ಮರಾಠಿಯಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಸಂಜೆ ಮೈತುಂಬ ಒಣಗಿದ ಕೆಸರು ಮೆತ್ತಿಕೊಂಡು ಬಂದ ನನ್ನನ್ನು ದಿನವೂ ಅದೇ ಪ್ರಶ್ನೆಯಿಂದ ಎದುರುಗೊಳ್ಳುತ್ತಿದ್ದರು.

“ಇವತ್ತರೆ ಏನರೆ ಸಿಕ್ಕತೇನ ವಿಜಯಾ?”

“ಒಂದ ಕಂಬದ ಅಳತಿ ಸಿಕ್ಕತ್ರಿ ಕಾಕು.”

“ಅಳತಿ ತಗೊಂಡ ಏನ್ ಮಾಡ್ತಿ ಬಾಯಿ,” ಎಂದು ನಕ್ಕು ಚಹಾ ಇಡಲು ಒಳಗೆ ಹೋಗುತ್ತಿದ್ದರು.

ಮುಂಜಾನೆ ಬಸವಂತ ಇಲಾಖೆಯ ಜೀಪು ತಂದು ಕರೆದುಕೊಂಡು ಹೋಗುತ್ತಿದ್ದ. ನೀರು ಬಿಟ್ಟುಹೋದ ನೆಲ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಕಾಲಿಟ್ಟರೆ ಬಿಸ್ಕಿಟಿನ ಹಾಗೆ ಒಡೆದು ಪಾದ ಕೆಳಗಿಳಿಯುತ್ತಿತ್ತು. ಸತ್ತ ಮೀನು, ಹಸಿ ಮಣ್ಣು, ಕಾದ ಕಲ್ಲು ಸೇರಿದ ಒಂದು ವಾಸನೆ. ಹತ್ತು ಗಂಟೆಯಾದರೆ ಗುಡಿಯ ಕಲ್ಲುಗಳನ್ನು ಬರಿಗೈಯಲ್ಲಿ ಮುಟ್ಟಲಾಗುತ್ತಿರಲಿಲ್ಲ. ನಾವು ಗೂಟ ಹೊಡೆದು ನೂಲು ಕಟ್ಟಿ, ಒಬ್ಬರು ಟೇಪು ಹಿಡಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದೆವು. ಊಟದ ಹೊತ್ತಿಗೆ ಮಂಟಪದ ನೆರಳಿಗೆ ಬರುತ್ತಿದ್ದೆವು. ನೀರಿನಂಚಿನಲ್ಲಿ ಬಲೆ ಹರಡಿಕೊಂಡಿರುತ್ತಿದ್ದ ಲಗಮಪ್ಪ ಎಂಬ ಮೀನುಗಾರ ಒಮ್ಮೊಮ್ಮೆ ಬಂದು ನಮ್ಮ ಜೊತೆ ಕೂಡುತ್ತಿದ್ದ.

ಬಸವಂತನ ಊರು ನಾಗನೂರ. ಆಗ ಅವನಿಗೆ ಮೂವತ್ತರ ಆಸುಪಾಸು. ನನಗಿಂತ ಚಿಕ್ಕವನಾದ್ದರಿಂದ ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಬಿಸಿಲಿಗೆಂದು ಅಗಲ ಅಂಚಿನ ಬಟ್ಟೆಯ ಟೋಪಿ ಹಾಕುತ್ತಿದ್ದ. ಅದು ಬಿಸಿಲಿಗಷ್ಟೇ ಅಲ್ಲ ಎಂಬುದು ನನಗೆ ಮೊದಲ ವಾರದಲ್ಲೇ ತಿಳಿಯಿತು. ತಂದೆ ತೀರಿಕೊಂಡ ಮೇಲೆ ಅವನು ಮೂಡಲಗಿಯಲ್ಲಿ ಸೋದರಮಾವ ಸತ್ಯಪ್ಪನವರ ಮನೆಯಲ್ಲಿದ್ದು ಓದಿದವನು. ಆ ಕಾಲದಲ್ಲಿ ಮೂಡಲಗಿಯ ಸಂತೆಯ ಹತ್ತಿರ ತಗಡಿನ ಶೆಡ್ಡಿನಲ್ಲಿ ವಿಡಿಯೋ ತೋರಿಸುತ್ತಿದ್ದರು. ಒಂದು ಸಂತೆಯ ದಿನ ಮಾವ ಇವನ ಕೈಹಿಡಿದು ಕರೆದುಕೊಂಡು ಹೋಗಿ ಆ ಟೋಪಿಯವನ ಸಿನಿಮಾ ತೋರಿಸಿದ್ದರು. ಇಬ್ಬರಿಗೂ ಎಷ್ಟು ಹಿಡಿಸಿತೆಂದರೆ ಮರುದಿನ ಮತ್ತೆ ಹೋದರಂತೆ.

“ಆ ಸಿನಿಮಾದಾಗ ಅಂವ ಸಾಲ್ಯಾಗ ಪಾಠಾ ಹೇಳತಾನಲ್ಲ, ಕನ್ನಡಕಾ ಹಾಕ್ಕೊಂಡು, ಬೋರ್ಡಿನ ಮ್ಯಾಲ ಬರದು. ಅದು ನನಗ ಭಾಳ ಸೇರತು,” ಎಂದಿದ್ದ ಬಸವಂತ. “ಗುಡಿ ಬಗ್ಗೆ ಓದೂದು ಒಂದ ನೌಕರಿ ಅನ್ನೂದ ನನಗ ಅವತ್ತ ಗೊತ್ತಾತ್ರಿ ಅಕ್ಕಾರ.”

ಓದಿಸಿದವರೂ ಮಾವನೇ. ಮಗಳು ಕಸ್ತೂರಿಯನ್ನು ಅವನಿಗೇ ಕೊಡುವುದೆಂದು ಮಾತಾಗಿತ್ತು. ಆ ವರ್ಷದ ದೀಪಾವಳಿಯ ನಂತರ ಮದುವೆ.

ಸತ್ಯಪ್ಪನವರನ್ನು ನಾನು ಮೊದಲು ನೋಡಿದ್ದು ಗುಡಿಯಲ್ಲೇ. ಮೂಡಲಗಿಯಲ್ಲಿ ಅವರದು ಮೋಟಾರು ರಿಪೇರಿಯ ಅಂಗಡಿ, ಚೆನ್ನಾಗಿ ನಡೆಯುತ್ತಿತ್ತು. ಆದರೆ ಸುತ್ತಿನ ಹಳ್ಳಿಗಳಲ್ಲಿ ಅವರ ಹೆಸರಿದ್ದದ್ದು ನೀರು ನೋಡುವುದಕ್ಕೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವರು. ಕಾಯಿ ಎದ್ದು ನಿಂತಲ್ಲಿ ಬೋರು ಕೊರೆಸಬೇಕು. ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎತ್ತರದ ಆಳು, ಬಿಳಿ ಪೈಜಾಮ, ಮಾತಿನ ನಡುವೆ ಕಣ್ಣು ಸದಾ ನೆಲದ ಮೇಲೆ. ಗರ್ಭಗುಡಿಯ ಸುತ್ತ ನಿಧಾನವಾಗಿ ಸುತ್ತಿ ಬಂದು, ಹಿಮ್ಮಡಿಯಿಂದ ಅಲ್ಲಲ್ಲಿ ಒದ್ದು ನೋಡಿದರು.

“ಅಳಿಯಾ, ಇಲ್ಲಿ ಟೊಳ್ಳ ಐತಿ.”

“ತಳದಾಗ ಉಸುಕ ತುಂಬಿರತಾರ ಮಾಮಾ. ಅದರ ಮ್ಯಾಲ ಗುಡಿ ಕಟ್ಟತಾರ. ಅದಕ್ಕ ಹಂಗ ಸಪ್ಪಳ ಬರತೈತಿ.”

“ನನಗ ಉಸುಕಿನ ಸಪ್ಪಳ ಗೊತ್ತಿಲ್ಲೇನು?” ಎಂದರು ಅವರು. ಸಿಟ್ಟಿನಿಂದಲ್ಲ, ಬಹಳ ವರ್ಷಗಳ ಕಸುಬಿನವರು ಹೇಳುವ ಹಾಗೆ.

ಏಪ್ರಿಲಿನ ನಡುವೆ ತೊಂದರೆ ಶುರುವಾಯಿತು. ಹಳೇ ಊರಿನ ಜನರನ್ನು ಬಹಳ ಹಿಂದೆ ದಂಡೆಯ ಮೇಲಿನ ಕಾಲನಿಗೆ ಸಾಗಿಸಿದ್ದರು. ಅವರಲ್ಲಿ ಕೆಲವರಿಗೆ ನಮ್ಮ ಟೇಪು, ನೂಲು, ಬ್ರಷ್ಷುಗಳ ಮೇಲೆ ಅನುಮಾನ. ಏನೋ ಸಿಕ್ಕಿದೆ, ಮುಚ್ಚಿಟ್ಟಿದ್ದಾರೆ ಎಂಬ ಮಾತು ಹಬ್ಬಿತು. ಒಂದು ಮುಂಜಾನೆ ಹೋಗಿ ನೋಡಿದರೆ ಗೂಟಗಳನ್ನೆಲ್ಲ ಕಿತ್ತು ಬಾವಿಗೆ ಹಾಕಿದ್ದರು. ಒಂದು ವಾರದ ಅಳತೆ ವ್ಯರ್ಥ. ಆಗ ಬಸವಂತ ಒಂದು ಯೋಚನೆ ಮಾಡಿದ. ಸಾಲೆಯವರಿಂದ ಪ್ರೊಜೆಕ್ಟರ್ ಕೇಳಿ ತಂದು, ಆ ಸಿನಿಮಾವನ್ನು ಹಿಂದಿಯಲ್ಲಿ ಕಾಲನಿಯವರಿಗೆ ತೋರಿಸುವುದು. ಮುಗಿದ ಮೇಲೆ ಎದ್ದು ನಿಂತು, ಖರೆ ಕೆಲಸ ಹೀಗಿರುವುದಿಲ್ಲ, ನಾವು ಮಾಡುವುದು ಬೇರೆ ಎಂದು ತಿಳಿಸಿ ಹೇಳುವುದು. ನನಗೆ ಇದು ಸರಿಯೆನಿಸಲಿಲ್ಲ. ಹಾಗೆಂದು ಹೇಳಿಯೂ ನೋಡಿದೆ.

“ಸಿನಿಮಾ ಅಂದ್ರ ಮಂದಿ ಬರತಾರ್ರಿ ಅಕ್ಕಾರ. ಬಂದ್ರ ನಾ ಮಾತಾಡತೀನಿ. ಹಂಗ ಕರದ್ರ ಯಾರ ಬರತಾರ?” ಎಂದ.

ಮಂದಿ ಬಂದರು. ಕತ್ತಲಾಗುವುದಕ್ಕೆ ಮುಂಚೆಯೇ ಸಾಲೆಯ ಅಂಗಳ ತುಂಬಿತು. ಮೂಡಲಗಿಯಿಂದ ಸತ್ಯಪ್ಪನವರೂ ಬಂದರು. ಅಳಿಯನ ಕಾರ್ಯಕ್ರಮವೆಂದು ಅವರಿಗೆ ಮುಂದೆ ಕುರ್ಚಿ ಹಾಕಿದ್ದರು. ಧೋತರ ಗಾಳಿಗೆ ಉಬ್ಬಿದಾಗಲೆಲ್ಲ ಟೋಪಿಯವನ ಮುಖವೂ ಉಬ್ಬುತ್ತಿತ್ತು. ಹಾವಿನ ದೃಶ್ಯಕ್ಕೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಬಸವಂತ ತನಗೆ ಬಾಯಿಪಾಠವಾಗಿದ್ದ ಮಾತುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಪ್ರೊಜೆಕ್ಟರಿನ ಪಕ್ಕ ನಿಂತಿದ್ದ. ಮುಗಿದು ದೀಪ ಹಾಕಿದ ಕೂಡಲೇ ಜನ ಎದ್ದರು. ಇವನು ಮೈಕು ಹಿಡಿದು ಕೆಮ್ಮುವುದರೊಳಗೆ ಅರ್ಧ ಅಂಗಳ ಖಾಲಿಯಾಗಿತ್ತು. ಉಳಿದವರು ತಮ್ಮ ಮಕ್ಕಳನ್ನು ಹುಡುಕಿ ಎಬ್ಬಿಸುತ್ತಿದ್ದರು. ಗುಡಿ ಕಟ್ಟುವ ಕ್ರಮ, ಶಾಸನದ ಮಹತ್ವ ಎಲ್ಲವನ್ನೂ ಅವನು ನನಗೆ, ಸಾಲೆಯ ಮಾಸ್ತರರಿಗೆ ಮತ್ತು ಸತ್ಯಪ್ಪನವರಿಗೆ ಹೇಳಿದ.

ಸತ್ಯಪ್ಪನವರು ಪೂರ್ತಿ ಕೇಳಿದರು. ಕೇಳಿ, ಕುರ್ಚಿಯಿಂದ ಏಳದೆ ಅಂದರು:

“ಬಸು, ಆ ಪ್ರೊಫೆಸರಗ ಜಾಗಾ ಗೊತ್ತಿತ್ತು, ಹೋಗಿ ತಗದಾ. ನಿನಗೂ ಗೊತ್ತೈತಿ. ನೀ ಯಾಕ ತಗ್ಯಾಣಿಲ್ಲ?”

“ಅಲ್ಲಿ ಏನೂ ಇಲ್ಲ ಮಾಮಾ.”

“ಏನೂ ಇಲ್ಲದ್ದಕ್ಕ ಸರಕಾರ ನಿನಗ ಪಗಾರ ಕೊಡತೈತಿ?”

ಬಸವಂತ ನಕ್ಕುಬಿಟ್ಟ. ಮಾವ ನಗಲಿಲ್ಲ. ನನ್ನ ಕಡೆ ತಿರುಗಿ, “ಬರತೀನ್ರಿ ಬಾಯಾರ,” ಎಂದು ಹೇಳಿ ಹೊರಟರು.

ಮೇ ತಿಂಗಳ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದವು. ಗುಡುಗು ಜಾಸ್ತಿ, ನೀರು ಕಡಿಮೆ. ಆದರೆ ಪಡುವಣದಲ್ಲಿ ಘಟ್ಟದ ಮೇಲೆ ಮೋಡ ನಿಲ್ಲತೊಡಗಿತ್ತು. ಅಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ ಎಂದು ಲಗಮಪ್ಪ ದಿನವೂ ನೆನಪಿಸುತ್ತಿದ್ದ. ನಕ್ಷೆ ಮುಕ್ಕಾಲು ಮುಗಿದಿತ್ತು. ಒಂದು ದಿನ ಮೇಲಧಿಕಾರಿಗಳು ಬರುತ್ತಾರೆಂದು ನಾವಿಬ್ಬರೂ ಹುಕ್ಕೇರಿಯಲ್ಲೇ ಉಳಿದೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಲಗಮಪ್ಪನ ಫೋನು ಬಂತು.

“ಸಾಹೇಬರ, ಗುಡ್ಯಾಗ ಯಾರೋ ಚೀರಾಕತ್ತಾರ್ರಿ. ಇಬ್ಬರು ಗುದ್ದಲಿ ಒಗದು ಓಡಿ ಹೋದ್ರು.”

ಬಸವಂತ ಊಟ ಬಿಟ್ಟು ಎದ್ದು ಜೀಪು ತೆಗೆದ. ಗರ್ಭಗುಡಿಯ ಹಿಂಗೋಡೆಗೆ ಹತ್ತಿಕೊಂಡು ಆಳೆತ್ತರದ ಗುಂಡಿ ತೋಡಿದ್ದರು. ಗೋಡೆಯ ತಳದ ಒಂದು ಚಪ್ಪಡಿ ಜಾರಿ, ಒಳಗಿದ್ದ ಮನುಷ್ಯನ ಬಲಗಾಲಿನ ಮೇಲೆ ಕುಳಿತಿತ್ತು. ಬಿಳಿ ಪೈಜಾಮ ನೋಡಿದೊಡನೆ ಇಬ್ಬರಿಗೂ ಗೊತ್ತಾಯಿತು. ಗುಂಡಿಯ ಮೇಲುಗಡೆ ಗೋಡೆಯ ಕಲ್ಲುಗಳು ಹಿಡಿತ ಕಳೆದುಕೊಂಡು ವಾಲಿದ್ದವು. ಸಂದಿಯಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು.

“ಇಳೀಬ್ಯಾಡ್ರಿ ಸಾಹೇಬರ, ಮಂದೀನ ಕರಕೊಂಡ ಬರತೀನಿ,” ಎಂದ ಲಗಮಪ್ಪ.

“ಅಷ್ಟರೊಳಗ ಬೀಳತೈತಿ. ದೋಣ್ಯಾಗಿನ ಹಲಗಿ ತಾ,” ಎಂದು ಬಸವಂತ ಟೋಪಿ ತೆಗೆದಿಟ್ಟು ಇಳಿದೇಬಿಟ್ಟ.

ಜೀಪಿನ ಜಾಕನ್ನು ನಾನೇ ಕೆಳಗೆ ಕೊಟ್ಟೆ. ಅವನು ಅದನ್ನು ಚಪ್ಪಡಿಯ ಅಂಚಿಗೆ ಕೊಟ್ಟು ಒಂದೊಂದೇ ಸುತ್ತು ತಿರುಗಿಸಿದ. ಚಪ್ಪಡಿ ಬೆರಳಷ್ಟು ಎದ್ದಾಗೊಮ್ಮೆ ನಾನು ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿ ಕಲ್ಲು ಕೊಡುತ್ತಿದ್ದೆ, ಅವನು ಸಂದಿಗೆ ತುರುಕುತ್ತಿದ್ದ. ಲಗಮಪ್ಪ ಗೋಡೆಗೆ ಹಲಗೆ ಒತ್ತಿ ಹಿಡಿದು ನಿಂತಿದ್ದ. ನನಗೆ ಭಯವಾಗಿತ್ತೇ ಎಂದರೆ, ಆಗ ಇರಲಿಲ್ಲ. ಕಲ್ಲು ಸರಿಯಾಗಿ ಕೂಡುತ್ತದೆಯೋ ಇಲ್ಲವೋ ಎಂಬುದಷ್ಟೇ ತಲೆಯಲ್ಲಿತ್ತು. ಭಯ ಬಂದದ್ದು ಸಂಜೆ, ಪದ್ಮಾ ಕಾಕು ಎಂದಿನಂತೆ ಇವತ್ತರೆ ಏನರೆ ಸಿಕ್ಕತೇನ ಎಂದು ಕೇಳಿದಾಗ.

ಸತ್ಯಪ್ಪನವರ ಮುಖ ಬಿಳುಚಿಕೊಂಡಿತ್ತು. ಹಲ್ಲು ಕಚ್ಚಿದ್ದರು. ಆದರೂ ಅಳಿಯನ ತೋಳು ಹಿಡಿದು ಅಂದರು: “ಬಸು, ಈ ಮಗ್ಗಲಕ್ಕ ಕೈ ಹಾಕಿ ನೋಡು. ಟೊಳ್ಳ ಐತಿ.”

“ಉಸುಕೈತಿ ಮಾಮಾ. ಕಾಲ ಎಳಕೋ.”

“ಒಮ್ಮೆ ನೋಡಲಾ.”

“ಕಾಲ ಎಳಕೋ ಅಂದೆ.”

ಅಂಥ ದನಿಯಲ್ಲಿ ಅವನು ಮಾವನೊಡನೆ ಮಾತಾಡಿದ್ದು ಅದೇ ಮೊದಲಿರಬೇಕು. ಅವರು ಕಾಲು ಎಳೆದುಕೊಂಡರು. ನಾವಿಬ್ಬರೂ ಸೇರಿ ಅವರನ್ನು ಮೇಲಕ್ಕೆ ತಂದು ಜೀಪಿನಲ್ಲಿ ಮಲಗಿಸಿದ ಸ್ವಲ್ಪ ಹೊತ್ತಿಗೆ ವಾಲಿದ್ದ ಕಲ್ಲುಗಳಲ್ಲಿ ಎರಡು ಗುಂಡಿಯೊಳಗೆ ಬಿದ್ದವು.

ಗೋಕಾಕದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಕಾಲು ಉಳಿಯುತ್ತದೆ, ಆದರೆ ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟರು. ಮರುದಿನ ಪೊಲೀಸರು ಬರುವವರಿದ್ದರು. ಹಳೆಯ ಗುಡಿಯನ್ನು ನಿಧಿಗೆಂದು ಅಗೆಯುವುದು ಅಪರಾಧ. ಸ್ಥಳದ ಹೊಣೆ ಬಸವಂತನದು; ಅವನು ಏನು ಹೇಳುತ್ತಾನೋ ಅದರ ಮೇಲೆ ಎಲ್ಲ.

ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಮನೆಯವರೆಲ್ಲ ಕೂಡಿದ್ದರು. ಬಸವಂತನ ತಾಯಿ ನಾಗನೂರದಿಂದ ಬಂದಿದ್ದರು. ಮಗನ ಕೈಹಿಡಿದು, ಗಟ್ಟಿಯಾಗಿ ಅಳದೆ, ಹೇಳಿದರು:

“ನಿನ್ನ ಭೆಟ್ಟಿ ಆಗಾಕ ಬಂದಿದ್ದಾ, ಕಾಲ ಜಾರಿ ಬಿದ್ದಾ ಅನ್ನು. ಅಷ್ಟ ಅಂದ್ರ ಮುಗೀತಲಾ. ನನಗ ಇರಾಂವ ಒಬ್ಬನ ತಮ್ಮ. ನಿನ್ನ ಸಾಕಿದಾಂವ.”

“ಗುಂಡಿ ಯಾರ ತೋಡಿದ್ರು ಅಂತ ಕೇಳತಾರವ್ವ.”

“ಓಡಿ ಹೋದವರು ತೋಡಿದ್ರು ಅನ್ನು.”

“ಅವರನ್ನ ಕೂಲಿಗೆ ಕರಕೊಂಡ ಬಂದಾಂವ ಮಾಮಾ. ಅವರ ಬಡವರು, ಅವರ ತಲಿಮ್ಯಾಲ ಹಾಕಲೇನು?”

ತಾಯಿ ಅವನ ಕೈ ಬಿಟ್ಟರು. ನಾನು ದೂರ ಸರಿದು ನಿಂತೆ. ಅದು ನಾನು ಕೇಳಬೇಕಾದ ಮಾತಾಗಿರಲಿಲ್ಲ. ಮರುದಿನ ಬಸವಂತ ನಡೆದದ್ದನ್ನು ನಡೆದಂತೆ ಹೇಳಿದ. ಮಾವನ ಹೆಸರನ್ನೂ ಹೇಳಿದ. ಕೇಳಿದಾಗ ನಾನೂ ಕಂಡದ್ದನ್ನು ಹೇಳಿದೆ. ಒಳಗೆ ಹೋಗಿ ಮಾವನಿಗೆ ಅವನೇ ತಿಳಿಸಿದ. ಸತ್ಯಪ್ಪನವರು ಮುಖ ಗೋಡೆಯ ಕಡೆ ತಿರುಗಿಸಿದರು. ಸಂಜೆಯೊಳಗೆ ಮದುವೆ ಇಲ್ಲ ಎಂಬ ಮಾತು ಮೂಡಲಗಿ, ನಾಗನೂರ ಎರಡಕ್ಕೂ ತಲುಪಿತ್ತು.

ಬಸವಂತ ಮರುದಿನವೇ ಕೆಲಸಕ್ಕೆ ಬಂದ. ಟೇಪಿನ ತುದಿ ಹಿಡಿದು ಅಂಕಿ ಕೂಗುತ್ತಿದ್ದ, ಅಷ್ಟೇ. ಊಟದ ಹೊತ್ತಿಗೆ ಸಿನಿಮಾದ ಮಾತು ನಿಂತುಹೋಯಿತು. ಒಮ್ಮೆ ಮಾತ್ರ, ಬುತ್ತಿ ಬಿಚ್ಚದೆ ಕುಳಿತವನು, “ನಾ ತೋರಸಬಾರದಿತ್ತು,” ಎಂದ.

ಜೂನಿನ ಮೊದಲ ವಾರ ನೀರು ಏರತೊಡಗಿತು. ನಮ್ಮ ಮೇಲೆ ಬಿಸಿಲಿತ್ತು. ಕೆಳಗೆ ಕೆಂಪು ನೀರು ಹಳೇ ಊರಿನ ಓಣಿಗಳಲ್ಲಿ ಒಂದೊಂದೇ ಹೊಸ್ತಿಲು ದಾಟುತ್ತಿತ್ತು. ಗೋಡೆಗೆ ಆಸರೆಯಾಗಲೆಂದು ಗುಂಡಿಗೆ ಕಲ್ಲು ಮಣ್ಣು ತುಂಬಿಸಬೇಕಿತ್ತು. ಅದಕ್ಕೆ ಮೊದಲು ಕೆಳಗಿಳಿದು ನೋಡಿ, ಕಂಡದ್ದನ್ನೆಲ್ಲ ನಕ್ಷೆಗೆ ಸೇರಿಸಿದ್ದೆವು: ಮೇಲೆ ದುಂಡುಗಲ್ಲಿನ ಒಂದು ಪದರ, ಅದರ ಕೆಳಗೆ ನದಿಯ ಉಸುಕು. ಆಳುಗಳು ತುಂಬಲು ಶುರುಮಾಡುವ ಮುಂಜಾನೆ ದಂಡೆಯಿಂದ ಒಬ್ಬಳು ಹೆಂಗಸು ಒಬ್ಬಳೇ ಇಳಿದು ಬಂದಳು. ಚಪ್ಪಲಿ ಕೈಯಲ್ಲಿ, ಮೊಣಕಾಲಿನವರೆಗೆ ಕೆಸರು.

“ಕಸ್ತೂರಿ,” ಎಂದ ಬಸವಂತ, ನನಗೆ ಗುರುತು ಹೇಳುವವನಂತೆ.

“ಮದವಿ ಮಾತ ಆಡಾಕ ಬಂದಿಲ್ಲ ನಾ,” ಎಂದಳು ಅವಳು. “ಅಪ್ಪನ ಕಾಲ ಮುರದ ಜಾಗಾ ನೋಡಬೇಕಾಗಿತ್ತು. ತೋರಸ್ರಿ.”

ಅವನು ತೋರಿಸಿದ. ಅವಳು ಸೀರೆ ಎತ್ತಿ ಕಟ್ಟಿ ಏಣಿಯಲ್ಲಿ ಕೆಳಗಿಳಿದಳು. ಕುಕ್ಕರಗಾಲಲ್ಲಿ ಕುಳಿತು ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಳು. ಜಾರಿದ ಚಪ್ಪಡಿಯ ಮೇಲೆ ಕೈಯಾಡಿಸಿದಳು. ಬಹಳ ಹೊತ್ತು ಕುಳಿತಿದ್ದಳು.

“ನೀವ ಇಳಿದಾಗ ಆ ಗ್ವಾಡಿ ಕಲ್ಲು ಬೀಳೂಹಂಗ ಇದ್ದುವೇನ್ರಿ?” ಮೇಲೆ ಬಂದು ನನ್ನನ್ನು ಕೇಳಿದಳು.

“ಇದ್ದುವು. ನಾ ಇಳೀಲಿಲ್ಲ. ಇಂವ ಇಳದಾ,” ಎಂದೆ.

ಅವಳು ಬಸವಂತನನ್ನು ನೋಡಿದಳು. “ಇದನ್ನ ನಮಗ ಯಾರೂ ಹೇಳೇ ಇಲ್ಲ,” ಎಂದಳು. ಅವನು ಹೇಳಿಕೊಂಡಿರಲಿಲ್ಲ, ಸತ್ಯಪ್ಪನವರೂ ಹೇಳಿರಲಿಲ್ಲ. ಅವಳು ಚಪ್ಪಲಿ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು. ಅವನು ಹಿಂದೆ ಹೋಗಲಿಲ್ಲ.

ನಾಲ್ಕು ದಿನದಲ್ಲಿ ನೀರು ಮಂಟಪದ ಮೆಟ್ಟಿಲಿಗೆ ಬಂತು. ಹಿಂಗೋಡೆ ನಿಂತೇ ಇತ್ತು. ನಾನು ನಕ್ಷೆಗಳನ್ನು ಸುತ್ತಿಕೊಂಡು, ಪದ್ಮಾ ಕಾಕುವಿಗೆ ಹೋಗಿ ಬರುತ್ತೇನೆಂದು ಹೇಳಿ ಹುಕ್ಕೇರಿ ಬಿಟ್ಟೆ.

ಮುಂದಿನದನ್ನು ಫೋನಿನಲ್ಲಿ ತುಂಡುತುಂಡಾಗಿ ಕೇಳಿದೆ. ಕೇಸು ದಂಡದಲ್ಲಿ ಮುಗಿಯಿತು. ಸತ್ಯಪ್ಪನವರು ಕೋಲು ಹಿಡಿದು ಅಂಗಡಿಗೆ ಹೋಗತೊಡಗಿದರು. ನೀರು ನೋಡಲು ಕರೆದರೆ ಹೋಗುತ್ತಿರಲಿಲ್ಲ. ಕಸ್ತೂರಿಗೆ ಬೇರೆ ಗಂಡು ನೋಡಿದರು. ಅವಳು ಬಂದವರೆಲ್ಲರಿಗೂ ಚಹಾ ಕೊಟ್ಟು, ಹೋದ ಮೇಲೆ ಬೇಡ ಎಂದಳು. ಎರಡು ವರ್ಷ ಹೀಗೇ ನಡೆದು, ಕೊನೆಗೆ ಸತ್ಯಪ್ಪನವರೇ ಅಕ್ಕನ ಮನೆಗೆ ಹೇಳಿ ಕಳಿಸಿದರಂತೆ: ನಿಮ್ಮ ಹುಡುಗನಿಗೆ ಕೊಡತೀವಿ, ಆದರೆ ನಾನು ಅವನ ಜೊತೆ ಮಾತಾಡುವುದಿಲ್ಲ.

ಮದುವೆ ಮೂಡಲಗಿಯಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿ. ನಾನು ಹೋಗಿದ್ದೆ. ಸತ್ಯಪ್ಪನವರು ಕೋಲನ್ನು ಯಾರಿಗೋ ಕೊಟ್ಟು ನೇರ ನಿಂತು ಮಗಳನ್ನು ಧಾರೆಯೆರೆದರು. ಅಳಿಯನ ಮುಖ ನೋಡಲಿಲ್ಲ. ಅಕ್ಷತೆ ಬಿದ್ದ ಮೇಲೆ ಕುಂಟುತ್ತ ಬಂದು, ನಾನು ಕುಳಿತಿದ್ದ ಕಟ್ಟೆಯ ಮೇಲೆ ಕುಳಿತರು.

“ಬಾಯಾರ, ನಕ್ಷಾ ತಗದವರು ನೀವು. ನನಗ ಖರೆ ಹೇಳ್ರಿ. ಏನಿತ್ತು ಕೆಳಗ?”

“ದುಂಡಗಲ್ಲಿತ್ರಿ. ಅದರ ಕೆಳಗ ಉಸುಕು.”

“ಉಸುಕಿನ ಕೆಳಗ?”

“ಅದನ್ನ ನೋಡ್ಲಿಲ್ರಿ. ನೀವ ತೋಡಿದಷ್ಟ ಆಳದ ತನಾ ನೋಡಿದ್ವಿ. ಆಮ್ಯಾಲೆ ಮುಚ್ಚಿದ್ವಿ.”

ಅವರು ನೆಲ ನೋಡುತ್ತ ಕುಳಿತರು. ಮುಖದಲ್ಲಿ ಏನೋ ಸಡಿಲವಾಯಿತು.

“ಹಂಗಾದ್ರ ಅದರ ಕೆಳಗ ಯಾರೂ ನೋಡಿಲ್ಲ,” ಎಂದರು.

“ಯಾರೂ ನೋಡಿಲ್ರಿ.”

ಚಪ್ಪರದ ಆ ತುದಿಯಲ್ಲಿ ಬಸವಂತ ಬೀಗರನ್ನು ಎಬ್ಬಿಸಿ ಊಟಕ್ಕೆ ಕಳಿಸುತ್ತ ನಿಂತಿದ್ದ, ಬಾಸಿಂಗವನ್ನೂ ಬಿಚ್ಚಿರಲಿಲ್ಲ. ಸತ್ಯಪ್ಪನವರು ಕೋಲಿನಿಂದ ನೆಲಕ್ಕೆ ಒಮ್ಮೆ ಕುಟ್ಟಿ, ಆ ಗದ್ದಲದ ಮೇಲೆ ಕೇಳುವಷ್ಟು ಜೋರಾಗಿ ಕರೆದರು:

“ಬಸೂ, ನಿಂದ ಊಟಾ ಆತೇನೋ?”

ಬಸವಂತ ತಿರುಗಿ ನೋಡಿದ. “ಇಲ್ಲ ಮಾಮಾ,” ಎಂದು ಬಾಸಿಂಗ ಬಿಚ್ಚುತ್ತ ನಮ್ಮ ಕಡೆ ಬಂದ.